ಹಣೆಬರಹವಲ್ಲ, ವೇಗ



ನಮ್ಮ ಸೀಮೆಯಲ್ಲಿ ಯಾರಾದರೂ ರಸ್ತೆಯ ಮೇಲೆ ಅಕಾಲದಲ್ಲಿ ತೀರಿಕೊಂಡರೆ ಸಾವಿನ ಮನೆಗೆ ಬಂದವರು ಆಡುವ ಮಾತು ಒಂದೇ: “ಹಣೆಯಲ್ಲಿ ಬರೆದದ್ದನ್ನು ತಪ್ಪಿಸಲು ಯಾರಿಂದ ಸಾಧ್ಯ?” ಮಗನನ್ನು ಕಳೆದುಕೊಂಡ ತಾಯಿಯ ಎದುರು ಬೇರೆ ಮಾತು ಹೊರಡುವುದಿಲ್ಲವೆಂಬುದನ್ನು ನಾನೂ ಬಲ್ಲೆ. ಸಾಂತ್ವನವಾಗಿ ಅದು ಸರಿಯೇ. ಆದರೆ ಆ ಮಾತು ಸಾವಿನ ಮನೆಯ ಹೊಸ್ತಿಲು ದಾಟಿ ಚಹಾದ ಅಂಗಡಿಗೂ ಊರ ಕಟ್ಟೆಗೂ ಬಂದು, ಅಪಘಾತದ ಕಾರಣವೇ ತಾನೆಂಬಂತೆ ಕುಳಿತುಬಿಡುತ್ತದೆ. ತಿಥಿಯ ಊಟ ಮುಗಿಯುವ ಮೊದಲೇ ಅದೇ ಓಣಿಯ ಮತ್ತೊಬ್ಬ ಹುಡುಗ ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಬೈಕು ಓಡಿಸುತ್ತಿರುತ್ತಾನೆ. ನನ್ನ ತಕರಾರು ಇರುವುದು ಇಲ್ಲಿಯೇ.

ಬ್ರಹ್ಮನ ಮೇಲೆ ಹೊರಿಸುವ ಈ ಆರೋಪವನ್ನು ಅಂಕಿಅಂಶಗಳ ಎದುರು ನಿಲ್ಲಿಸಿ ನೋಡೋಣ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ದಿನವೊಂದಕ್ಕೆ ಸುಮಾರು 460 ಜನ. ಅವರಲ್ಲಿ ಶೇ 71ರಷ್ಟು ಮಂದಿಯ ಸಾವಿಗೆ ಅತಿವೇಗವೇ ಕಾರಣವೆಂದು ಅದೇ ವರದಿ ಹೇಳುತ್ತದೆ. ಕುಡಿತ, ಸಿಗ್ನಲ್ ಉಲ್ಲಂಘನೆ, ಮೊಬೈಲ್ ಎಲ್ಲವೂ ಅದರ ಹಿಂದೆ ಬಹುದೂರದಲ್ಲಿವೆ. ವಿಧಿಯೇ ಬರೆಯುವುದಾದರೆ ಹತ್ತರಲ್ಲಿ ಏಳು ಬಾರಿ ವೇಗವನ್ನೇ ಆರಿಸಿಕೊಂಡು ಬರೆಯುವುದೇಕೆ?

ಇನ್ನೊಂದು ಉದಾಹರಣೆ ನಮ್ಮ ರಾಜ್ಯದ್ದೇ. ಬೆಂಗಳೂರು–ಮೈಸೂರು ಹೊಸ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಗುಂಡಿಗಳಿಲ್ಲದ, ಅಗಲವಾದ ರಸ್ತೆ. ಆದರೂ ಪೊಲೀಸರು ಪ್ರಕಟಿಸಿದ ಲೆಕ್ಕದಂತೆ ಆ ವರ್ಷದ ಮೇ ತಿಂಗಳಲ್ಲಿ 29 ಮಂದಿ, ಜೂನ್‌ನಲ್ಲಿ 28 ಮಂದಿ ಅಲ್ಲಿ ಪ್ರಾಣ ಬಿಟ್ಟರು. ಬಳಿಕ ಪೊಲೀಸರು ಗಂಟೆಗೆ 100 ಕಿ.ಮೀ. ಮಿತಿಯನ್ನು ಬಿಗಿಗೊಳಿಸಿ, ವೇಗ ಅಳೆಯುವ ಯಂತ್ರ ಹಿಡಿದು ನಿಂತು ದಂಡ ಹಾಕತೊಡಗಿದರು. ಜುಲೈ ತಿಂಗಳ ಸಾವು 8ಕ್ಕೆ ಇಳಿಯಿತು. ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಅಲ್ಲಿ ನಿಷೇಧ ಬಂದದ್ದು ಆಗಸ್ಟ್ 1ರಿಂದ; ಇಳಿಕೆ ಅದಕ್ಕೂ ಮೊದಲೇ ಕಂಡಿತು. ಒಂದೇ ತಿಂಗಳಲ್ಲಿ ಅಷ್ಟು ಜನರ ಹಣೆಬರಹವನ್ನು ತಿದ್ದಿದವರು ಯಾರು? ಬ್ರಹ್ಮನಂತೂ ಅಲ್ಲ!

“ಸಾರ್, ಅದು ದೊಡ್ಡ ಹೆದ್ದಾರಿಯ ಮಾತು, ನಮ್ಮ ಊರ ಕಥೆಯೇ ಬೇರೆ” ಎನ್ನುವಿರಿ. ಬೇರೆ ನಿಜ, ಆದರೆ ನಮ್ಮ ಕಥೆ ಇನ್ನೂ ಕಠಿಣವಾದದ್ದು. ಬಳ್ಳಾರಿಯಿಂದ ತೆಕ್ಕಲಕೋಟೆಯ ಮೂಲಕ ಸಿರುಗುಪ್ಪಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಹೆಸರಿಗೆ ಹೆದ್ದಾರಿ. ಬಳಕೆಯಲ್ಲಿ ಅದು ನಮ್ಮ ಅಂಗಳ, ನಮ್ಮ ಕಣ, ನಮ್ಮ ಮಕ್ಕಳ ಶಾಲೆಯ ದಾರಿ. ತುಂಗಭದ್ರೆಯ ಕಾಲುವೆ ನೀರು ಈ ಸೀಮೆಯನ್ನು ಭತ್ತದ ನಾಡಾಗಿಸಿತು. ಕೊಯ್ಲಿನ ಕಾಲದಲ್ಲಿ ಭತ್ತದ ಲೋಡು ಹೊತ್ತ ಟ್ರ್ಯಾಕ್ಟರುಗಳು, ಹುಲ್ಲಿನ ಬಣವೆಯಂತೆ ರಸ್ತೆ ತುಂಬ ಹರಡಿಕೊಂಡ ಟ್ರೇಲರುಗಳು, ಕಟಾವು ಯಂತ್ರಗಳು, ಅಕ್ಕಿ ಗಿರಣಿಗಳಿಗೆ ಧಾವಿಸುವ ಲಾರಿಗಳು ಎಲ್ಲವೂ ಈ ಒಂದೇ ರಸ್ತೆಗೆ ಇಳಿಯುತ್ತವೆ. ಎಷ್ಟೋ ಟ್ರೇಲರುಗಳಿಗೆ ಹಿಂದಿನ ದೀಪವಿಲ್ಲ, ಹೊಳೆಯುವ ಪಟ್ಟಿಯಿಲ್ಲ. ರಸ್ತೆಯ ಅರ್ಧಭಾಗದಲ್ಲಿ ಒಮ್ಮೊಮ್ಮೆ ಭತ್ತವನ್ನೇ ಒಣಹಾಕಿರುತ್ತಾರೆ. ಅದು ಉರುಳಿ ಹೋಗದಿರಲೆಂದು ಕಲ್ಲುಗಳನ್ನು ಇಟ್ಟಿರುತ್ತಾರೆ. ಮುಸ್ಸಂಜೆಯಲ್ಲಿ ಎಮ್ಮೆಗಳು ಮನೆಗೆ ಮರಳುವುದೂ ಇದೇ ದಾರಿಯಲ್ಲಿ; ಕೊಟ್ಟೂರು ತೇರಿನ ದಿನಗಳಲ್ಲಿ ಪಾದಯಾತ್ರೆಯ ಭಕ್ತರು ಕತ್ತಲಲ್ಲಿ ನಡೆಯುವುದೂ ನಮ್ಮ ಜಿಲ್ಲೆಯ ಇಂಥ ರಸ್ತೆಗಳ ಅಂಚಿನಲ್ಲಿಯೇ.

ದೀಪವಿಲ್ಲದ ಟ್ರೇಲರು ತಪ್ಪು, ರಸ್ತೆಯ ಮೇಲೆ ಭತ್ತ ಒಣಹಾಕುವುದು ತಪ್ಪು, ಗುಂಡಿ ಮುಚ್ಚದಿರುವುದು ತಪ್ಪು. ಅದಕ್ಕಾಗಿ ಅರ್ಜಿ ಕೊಡಿ, ಧರಣಿ ಕೂಡಿ. ನಾನೂ ಬಂದು ಕೂರುತ್ತೇನೆ. ಆದರೆ ಇವೆಲ್ಲ ಇವೆಯೆಂದು ತಿಳಿದೂ ಎಂಬತ್ತರಲ್ಲಿ ಹೋಗುವವನು ಆ ತಪ್ಪುಗಳಿಗೆ ತನ್ನ ಪ್ರಾಣವನ್ನು ಸಾಲವಾಗಿ ಕೊಡುತ್ತಿದ್ದಾನೆ. ಗುಂಡಿಯ ಸ್ಥಳ ಲೋಕೋಪಯೋಗಿ ಇಲಾಖೆಗೆ ಸೇರಿದ್ದಿರಬಹುದು. ಎಕ್ಸಲೇಟರ್ ಮೇಲಿನ ಕೈ ಮಾತ್ರ ನಿಮ್ಮದು.

“ನನಗೆ ಕಂಟ್ರೋಲ್ ಇದೆ ಸಾರ್” ಎಂಬುದು ನನ್ನ ಶಿಷ್ಯರ ನೆಚ್ಚಿನ ಉತ್ತರ. ವಿಜ್ಞಾನದ ಮೇಷ್ಟ್ರ ಮುಂದೆ ಈ ಮಾತು ಆಡಬಾರದಿತ್ತು. ಸೀಮೆಸುಣ್ಣ ಕೈಗೆ ತೆಗೆದುಕೊಳ್ಳುತ್ತೇನೆ, ಲೆಕ್ಕ ಮಾಡಿರಿ. ಅಪಾಯ ಕಂಡು ಬ್ರೇಕು ಒತ್ತಲು ಒಂದು ಸೆಕೆಂಡು ಬೇಕೆಂದು ಇಟ್ಟುಕೊಳ್ಳೋಣ. ರಸ್ತೆ ಒಣಗಿದೆ, ಬ್ರೇಕು ಚೆನ್ನಾಗಿದೆ, ಪ್ರತಿ ಸೆಕೆಂಡಿಗೆ ವೇಗವು 7 ಮೀಟರಿನಷ್ಟು ಇಳಿಯುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬಂದವನು ಆ ಒಂದು ಸೆಕೆಂಡಿನಲ್ಲಿ 17 ಮೀಟರ್, ಬ್ರೇಕು ಹಿಡಿದ ಮೇಲೆ 20 ಮೀಟರ್, ಒಟ್ಟು ಸುಮಾರು 37 ಮೀಟರ್ ಸಾಗಿ ನಿಲ್ಲುತ್ತಾನೆ. 80ರಲ್ಲಿ ಬಂದವನಿಗೆ ನಿಲ್ಲಲು 57 ಮೀಟರ್ ಬೇಕು. ಈಗ ಮುಖ್ಯವಾದ ಪ್ರಶ್ನೆ: ಮೊದಲನೆಯವನು ಪೂರ್ತಿ ನಿಂತ ಜಾಗದಲ್ಲಿ ಎರಡನೆಯವನ ವೇಗವೆಷ್ಟು? ಹತ್ತು, ಇಪ್ಪತ್ತು ಎಂದುಕೊಳ್ಳುವಿರಿ. ಉತ್ತರ ಗಂಟೆಗೆ 60 ಕಿ.ಮೀ.ಗಿಂತಲೂ ಹೆಚ್ಚು! ಮೊದಲನೆಯವನು ಎಮ್ಮೆಯ ಮುಂದೆ ನಿಂತು ಉಸಿರು ಬಿಡುತ್ತಿರುವಾಗ, ಎರಡನೆಯವನು ಅರವತ್ತರ ವೇಗದಲ್ಲಿ ಅದಕ್ಕೆ ಬಡಿಯುತ್ತಾನೆ. ಎಷ್ಟೇ ಕಂಟ್ರೋಲ್ ಇದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿಯಾಗುತ್ತದೆಂಬ ಪಾಠವನ್ನು ಪರೀಕ್ಷೆಗೆ ಬಾಯಿಪಾಠ ಮಾಡಿ ಅಂಕ ಪಡೆದವರೇ ಅದನ್ನು ರಸ್ತೆಯಲ್ಲಿ ಮರೆತರೆ ಹೇಗೆ?

ಇಷ್ಟಕ್ಕೂ ಈ ಅವಸರದಿಂದ ಉಳಿಯುವುದೇನು? ನಮ್ಮೂರಿನಿಂದ ಬಳ್ಳಾರಿಗೆ ಹೆಚ್ಚುಕಡಿಮೆ ನಲವತ್ತು ಕಿಲೋಮೀಟರ್. ಅಷ್ಟೂ ದಾರಿಯನ್ನು ತಡೆಯಿಲ್ಲದೆ ಅರವತ್ತರಲ್ಲಿ ಹೋದರೆ ನಲವತ್ತು ನಿಮಿಷ, ಎಂಬತ್ತರಲ್ಲಿ ಹೋದರೆ ಮೂವತ್ತು. ಉಳಿದದ್ದು ಹತ್ತು ನಿಮಿಷ. ಆ ಹತ್ತು ನಿಮಿಷಗಳನ್ನು ನಮ್ಮ ಹುಡುಗರು ಬಳ್ಳಾರಿ ಬಸ್ ನಿಲ್ದಾಣದ ಮುಂದೆ ಒಂದು ಚಹಾ ಕುಡಿದು ಕಳೆಯುತ್ತಾರೆ. ಒಂದು ಚಹಾಕ್ಕಾಗಿ ಜೀವ ಪಣಕ್ಕಿಡುವ ವ್ಯಾಪಾರ ಯಾವ ಶೆಟ್ಟರ ಅಂಗಡಿಯಲ್ಲಿಯೂ ನಡೆಯದು.

ಕಾನೂನು ಇಲ್ಲವೆಂದಲ್ಲ. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ನಿಗದಿಪಡಿಸಿದ ಗರಿಷ್ಠ ಮಿತಿಯಂತೆ ನಮ್ಮಂಥ ಸಾಮಾನ್ಯ ರಸ್ತೆಗಳಲ್ಲಿ ಬೈಕು, ಬಸ್ಸು, ಲಾರಿಗಳಿಗೆ 60, ಕಾರುಗಳಿಗೆ 70. ಇದು ಮುಟ್ಟಲೇಬೇಕಾದ ಗುರಿಯಲ್ಲ, ದಾಟಬಾರದ ಗೆರೆ. ಶಾಲೆಯ ಮುಂದೆ, ಸಂತೆಯ ಜನಜಂಗುಳಿಯಲ್ಲಿ ಮೂವತ್ತೂ ಹೆಚ್ಚೇ. ಆದರೆ ಕಾನೂನು ಮಾಡಿದವರೇ ಅದನ್ನು ಹಗುರಗೊಳಿಸುತ್ತಾರೆ. 2023ರ ಫೆಬ್ರುವರಿಯಲ್ಲಿ, ಮತ್ತೆ 2025ರಲ್ಲಿ, ರಾಜ್ಯ ಸರ್ಕಾರ ಬಾಕಿ ಸಂಚಾರ ದಂಡಕ್ಕೆ ಶೇ 50ರ ರಿಯಾಯಿತಿ ಕೊಟ್ಟಿತು. ಆಷಾಢದ ಸೀರೆ ಮಾರಾಟದಂತೆ ಜನ ಸಾಲುಗಟ್ಟಿದರು. ಅರ್ಧ ಬೆಲೆಗೆ ಸಿಗುವ ಶಿಕ್ಷೆಗೆ ಹೆದರುವವರು ಯಾರು?

ಕೂಲಿಯವರನ್ನು ಹೊತ್ತು ಓಡುವ ಟಂಟಂ, ಆಟೊ ಚಾಲಕರಾಗಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಒಂದು ಮಾತು. 2022ರ ಸೆಪ್ಟೆಂಬರ್‌ನಲ್ಲಿ ಬಳ್ಳಾರಿ ಬಳಿಯ ಕೊಳಗಲ್ಲಿನಲ್ಲಿ ಹೊಲದ ಕೆಲಸಕ್ಕೆ ಹೊರಟಿದ್ದ ಹೆಂಗಸರ ಆಟೊ ತುಂಗಭದ್ರಾ ಕಾಲುವೆಗೆ ಉರುಳಿ ಸಾವುಗಳಾದುವು. ನಾಟಿಗೆ, ಕಳೆಗೆ, ಮೆಣಸಿನಕಾಯಿ ಬಿಡಿಸಲು ಹೊರಟ ಆ ತಾಯಂದಿರಿಗೆ ಸೀಟು ಬೆಲ್ಟಿಲ್ಲ, ಹಿಡಿದುಕೊಳ್ಳಲು ಕಂಬಿಯೂ ಇಲ್ಲ. ಇರುವುದು ಚಾಲಕನ ಮೇಲಿನ ನಂಬಿಕೆ ಮಾತ್ರ. ಎರಡು ಟ್ರಿಪ್ಪಿನ ಜಾಗದಲ್ಲಿ ಮೂರು ಹೊಡೆಯುವ ಆಸೆಗೆ ಆ ನಂಬಿಕೆಯನ್ನು ಮಾರಬೇಡಿರಿ.

ಕೊನೆಯದಾಗಿ ತಂದೆತಾಯಂದಿರಿಗೆ. ನನ್ನ ಕೋಪ ಹೆಚ್ಚಾಗಿ ಇರುವುದು ನಿಮ್ಮ ಮೇಲೆಯೇ. ಹತ್ತನೆಯ ತರಗತಿ ಪಾಸಾದ ಹುಡುಗನಿಗೆ ಬೈಕು ಕೊಡಿಸುವುದು, “ನಮ್ಮ ಹುಡುಗ ಬಳ್ಳಾರಿಗೆ ಅರ್ಧ ಗಂಟೆಯಲ್ಲಿ ಮುಟ್ಟುತ್ತಾನೆ” ಎಂದು ಬೀಗರ ಮುಂದೆ ಹೆಮ್ಮೆ ಪಡುವುದು, ಪೊಲೀಸರು ಹಿಡಿದರೆ ಯಾರದೋ ಕೈಯಿಂದ ಫೋನು ಮಾಡಿಸುವುದು... ಇದು ಪ್ರೀತಿಯೇ? 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 199ಎ ಕಲಮಿನಂತೆ, ಅಪ್ರಾಪ್ತ ಮಗ ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು; ವಾಹನದ ನೋಂದಣಿ ಒಂದು ವರ್ಷ ರದ್ದು; ಮಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ನಮ್ಮ ರಾಜ್ಯದ ಹಲವು ನ್ಯಾಯಾಲಯಗಳು ಈಗಾಗಲೇ ಈ ದಂಡ ವಿಧಿಸಿವೆ. ಕೀಲಿ ಕೊಟ್ಟ ಕೈಯೇ ಅಪರಾಧಿ ಎಂದು ಕಾನೂನೇ ಹೇಳುತ್ತಿರುವಾಗ ನಾವು ಹಣೆಯನ್ನು ತೋರಿಸುತ್ತ ಕೂರುವುದು ಹೇಡಿತನ.

ಆದ್ದರಿಂದ ಇನ್ನು ಮುಂದೆ ಒಂದು ಕೆಲಸ ಮಾಡೋಣ. ಸಾವಿನ ಮನೆಯಲ್ಲಿ ಮೌನವಾಗಿ ಕುಳಿತು ಕಣ್ಣೀರು ಒರೆಸೋಣ. ಆದರೆ ಹೊರಗೆ ಬಂದ ಮೇಲೆ ಗಾಡಿ ಎಷ್ಟರಲ್ಲಿತ್ತು, ಹೆಲ್ಮೆಟ್ ಇತ್ತೇ, ಕೀಲಿ ಕೊಟ್ಟವರು ಯಾರು ಎಂದು ಕೇಳುವ ಧೈರ್ಯ ಮಾಡೋಣ. ಈ ಪ್ರಶ್ನೆಗಳು ನಿಷ್ಠುರವೆನಿಸಬಹುದು. ಮುಂದಿನ ಹುಡುಗನ ತಾಯಿಗೆ ಮಾತ್ರ ಇವು ಉಪಕಾರ.

ಹೊರಡುವ ಮುನ್ನ ಹತ್ತು ನಿಮಿಷ ಮೊದಲೇ ಮನೆ ಬಿಡಿರಿ. ತಡವಾಗಿ ಬಂದವರನ್ನು ತರಗತಿಯ ಹೊರಗೆ ನಿಲ್ಲಿಸುತ್ತಿದ್ದ ಮೇಷ್ಟ್ರೇ ಈಗ ಹೇಳುತ್ತಿದ್ದಾರೆ: ತಡವಾದರೂ ಪರವಾಗಿಲ್ಲ, ಬನ್ನಿರಿ.