ಏರುತಗ್ಗಿನ ಊರಿನಲ್ಲಿ ಒಂದು ಸಂಜೆಯ ಓಟ

ಬೆಂಗಳೂರನ್ನು ಸಮತಟ್ಟಾದ ಊರೆಂದು ಭಾವಿಸುವವರೇ ಹೆಚ್ಚು. ವಾಹನದಲ್ಲಿ ಕುಳಿತು ನೋಡುವವರಿಗೆ ಹಾಗೆ ತೋರುವುದು ಸಹಜ. ಏರಿನ ಲೆಕ್ಕವನ್ನು ಎಂಜಿನ್ನು ಸದ್ದಿಲ್ಲದೆ ತೀರಿಸಿಬಿಡುತ್ತದೆ. ವಾಸ್ತವವಾಗಿ ಈ ನಗರ ಬೆಳೆದಿರುವುದು ಉತ್ತರ-ದಕ್ಷಿಣವಾಗಿ ಹಾಯ್ದ ಎತ್ತರದ ನೆಲದ ಎರಡೂ ಮಗ್ಗುಲಿನಲ್ಲಿ. ಅದರ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಯನ್ನು ಸೇರಬೇಕು. ಪೂರ್ವಕ್ಕೆ ಬಿದ್ದದ್ದು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಗೆ ಹೋಗಬೇಕು. ಬಸವನಗುಡಿ, ಗವಿಪುರ, ಹನುಮಂತನಗರಗಳ ಹಳೆಯ ನಿವಾಸಿಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ದಿನಸಿ ಚೀಲ ಹಿಡಿದು ಮನೆಗೆ ಮರಳುವಾಗ ಅವರ ಮೊಣಕಾಲುಗಳೇ ಅದನ್ನು ಹೇಳುತ್ತವೆ.

ಈ ದಿಣ್ಣೆಗಳ ಮೇಲೆ ಕಳೆದ ತಿಂಗಳ ಒಂದು ಭಾನುವಾರ ಸಂಜೆ ಬಡಾವಣೆಯ ಯುವಕರು ಆರು ಕಿಲೋಮೀಟರಿನ ಓಟವೊಂದನ್ನು ಏರ್ಪಡಿಸಿದ್ದರು. ಹನುಮಂತನಗರದ ಗುಡ್ಡದ ಬುಡದಿಂದ ಹೊರಟು, ಕೆಂಪಾಂಬುಧಿ ಕೆರೆಯ ಕಡೆಗೆ ಇಳಿದು, ಗವಿಪುರದ ಏರು ಹತ್ತಿ, ಬಸವನಗುಡಿಯ ಅಂಚನ್ನು ಮುಟ್ಟಿ ಹಿಂದಿರುಗುವುದು. ಇಂಥ ಎರಡು ಸುತ್ತು. ಬಹುಮಾನವಿಲ್ಲ, ಪ್ರಾಯೋಜಕರಿಲ್ಲ, ಓಡಿ ಬಂದವರಿಗೆ ಮಜ್ಜಿಗೆ, ಕೋಸಂಬರಿ. ಸುಮಾರು ಎಂಬತ್ತು ಮಂದಿ ಸೇರಿದ್ದೆವು. ನಿವೃತ್ತಿಯ ನಂತರ ಓಡಲು ಕಲಿತ ನಾನು ಅರವತ್ತಾರರ ವಯಸ್ಸಿನಲ್ಲಿ ಕೊನೆಯ ಹತ್ತು ಮಂದಿಯಲ್ಲಿ ಒಬ್ಬ. ಮೊದಲ ಏರಿನಲ್ಲಿ ತಳ್ಳುಗಾಡಿಯ ಸೊಪ್ಪಿನವನೊಬ್ಬ, ‘ಯಾಕ್ ಯಜಮಾನ್ರೇ, ಯಾರು ಅಟ್ಟಿಸ್ಕೊಂಡ್ ಬರ್ತಾವ್ರೆ?’ ಎಂದು ಕೇಳಿದ. ಉತ್ತರಿಸಲು ನನ್ನಲ್ಲಿ ಉಸಿರಿರಲಿಲ್ಲ. ಗಾಡಿಯ ಭಾರವನ್ನು ಎದೆಯಿಂದ ತಳ್ಳುತ್ತ ಅದೇ ಏರನ್ನು ಹತ್ತುತ್ತಿದ್ದ ಅವನಲ್ಲಿ ಇತ್ತು.

ಏರಿನ ವೆಚ್ಚವನ್ನು ಲೆಕ್ಕ ಹಾಕಬಹುದು. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಒಂದು ಸರಳ ಸೂತ್ರ ಕೊಟ್ಟರು: ನಡೆಯುವವನಿಗೆ ಮೂರು ಮೈಲಿಗೆ ಒಂದು ಗಂಟೆ, ಅದರ ಜೊತೆಗೆ ಪ್ರತಿ ಎರಡು ಸಾವಿರ ಅಡಿ ಏರಿಗೆ ಮತ್ತೊಂದು ಗಂಟೆ. ಅಂದರೆ ನೂರು ಮೀಟರ್ ಮೇಲೇರುವುದು ಸಮನೆಲದಲ್ಲಿ ಸುಮಾರು ಎಂಟುನೂರು ಮೀಟರ್ ನಡೆದುದಕ್ಕೆ ಸಮ. ಹಾಗಾದರೆ ಇಳಿಯುವಾಗ ಆ ಸಾಲ ಪೂರ್ತಿ ವಾಪಸು ಬರಬೇಕಲ್ಲವೇ? ಬರುವುದಿಲ್ಲ. ಇಳಿಜಾರಿನಲ್ಲಿ ತೊಡೆಯ ಸ್ನಾಯು ಹಿಗ್ಗುತ್ತಲೇ ಬಿಗಿಹಿಡಿದು ದೇಹಕ್ಕೆ ಬ್ರೇಕು ಹಾಕಬೇಕು. ಅದರ ನೋವು ಒಂದೆರಡು ದಿನ ಕಳೆದು ಬಡ್ಡಿಯಂತೆ ಬರುತ್ತದೆ. ವಯಸ್ಸಾದವರು ಏರಿಗಿಂತ ಇಳಿಜಾರಿಗೆ ಹೆಚ್ಚು ಹೆದರುವುದು ಸುಮ್ಮನೆ ಅಲ್ಲ.

ನಮ್ಮಲ್ಲಿ ಓಟದ ಉತ್ಸಾಹ ಹೊಸದೇನಲ್ಲ. 2004ರಲ್ಲಿ ಮುಂಬೈ ಮ್ಯಾರಥಾನ್ ಆರಂಭವಾಯಿತು. 2008ರಲ್ಲಿ ಬೆಂಗಳೂರಿಗೆ ಹತ್ತು ಕಿಲೋಮೀಟರಿನ ಅಂತರರಾಷ್ಟ್ರೀಯ ಓಟ ಬಂತು. ಅವುಗಳಿಂದ ಒಳ್ಳೆಯದೇ ಆಗಿದೆ. ಆದರೆ ದೊಡ್ಡ ಓಟಗಳು ಸಾಮಾನ್ಯವಾಗಿ ನಡೆಯುವುದು ನಸುಕಿನಲ್ಲಿ, ನಗರ ಏಳುವ ಮೊದಲು, ಅದರ ಅತ್ಯುತ್ತಮ ರಸ್ತೆಗಳಲ್ಲಿ. ಅಲ್ಲಿ ಓಡುವವನಿಗೆ ಕಾಣುವುದು ಖಾಲಿ ಊರು. ಸಂಜೆ ಐದೂವರೆಗೆ ಬಡಾವಣೆಯೊಳಗೆ ಓಡಿದರೆ ಊರು ಇದ್ದಂತೆಯೇ ಎದುರಾಗುತ್ತದೆ: ಹಾಲಿನ ಬೂತಿನ ಮುಂದೆ ಅಡ್ಡಾದಿಡ್ಡಿ ನಿಂತ ಸ್ಕೂಟರುಗಳು, ದೇವಸ್ಥಾನಕ್ಕೆ ಹೊರಟ ಹೆಂಗಸರು, ಚೆಂಡಿನ ಹಿಂದೆ ಓಡುವ ಮಕ್ಕಳು.

ನನ್ನ ಗಮನ ಸೆಳೆದದ್ದು ಓಟಗಾರರಲ್ಲ. ಸಂಚಾರ ಪೊಲೀಸರ ಒಪ್ಪಿಗೆ ಪಡೆದು ಸ್ವಯಂಸೇವಕರು ರಸ್ತೆಯ ಒಂದು ಬದಿಗೆ ಹಗ್ಗ ಕಟ್ಟಿ, ಒಂದೂವರೆ ಗಂಟೆಯ ಕಾಲ ವಾಹನ ಬಾರದಂತೆ ನೋಡಿಕೊಂಡಿದ್ದರು. ಎರಡನೆಯ ಸುತ್ತಿಗೆ ಬರುವಷ್ಟರಲ್ಲಿ ಆ ಜಾಗ ನಮ್ಮದಾಗಿ ಉಳಿದಿರಲಿಲ್ಲ. ಕೋಲೂರಿದ ಅಜ್ಜನೊಬ್ಬರು, ಮಗುವಿನ ಗಾಡಿ ತಳ್ಳುತ್ತಿದ್ದ ತಾಯಿ, ಕೈಕೈ ಹಿಡಿದ ಇಬ್ಬರು ವೃದ್ಧೆಯರು ಹಗ್ಗದ ಒಳಗೆ ನೆಮ್ಮದಿಯಿಂದ ನಡೆಯುತ್ತಿದ್ದರು. ಸ್ವಯಂಸೇವಕ ಹುಡುಗನೊಬ್ಬ, ‘ಅಜ್ಜಿ, ಸ್ವಲ್ಪ ಪಕ್ಕಕ್ಕೆ ಬನ್ನಿ, ಓಡೋರು ಬರ್ತಿದಾರೆ’ ಎಂದಾಗ ಅವರಲ್ಲೊಬ್ಬರು, ‘ಓಡ್ಲಿ ಬಿಡಪ್ಪ, ನಾವು ಇವತ್ತೊಂದಿನ ನಡೀತೀವಿ’ ಎಂದರು. ಅರ್ಥಶಾಸ್ತ್ರದಲ್ಲಿ ಅವ್ಯಕ್ತ ಬೇಡಿಕೆ ಎಂಬ ಮಾತಿದೆ. ಪೂರೈಕೆಯೇ ಇಲ್ಲದ ಕಡೆ ಬೇಡಿಕೆಯೂ ಇಲ್ಲವೆಂದು ಕಡತಗಳು ಭಾವಿಸುತ್ತವೆ. ಹಗ್ಗ ಕಟ್ಟಿದರೆ ಅದು ಮನೆಯಿಂದ ಹೊರಗೆ ಬರುತ್ತದೆ.

ಉಳಿದ ದಿನ ಅವರು ಫುಟ್‌ಪಾತಿನ ಮೇಲೆ ಏಕೆ ನಡೆಯುವುದಿಲ್ಲ? ಆ ಬೀದಿಯಲ್ಲಿ ಫುಟ್‌ಪಾತ್ ಇದೆ. ಆದರೆ ಅದು ಮನೆಗೊಂದರಂತೆ ತುಂಡಾಗಿದೆ. ಇಳಿಜಾರಿನ ರಸ್ತೆಯಲ್ಲಿ ನಿವೇಶನವನ್ನು ಸಮತಟ್ಟು ಮಾಡಿಕೊಂಡ ಮಾಲೀಕ, ಎತ್ತರದ ವ್ಯತ್ಯಾಸವನ್ನು ತನ್ನ ಕಾಂಪೌಂಡಿನೊಳಗೆ ಸರಿದೂಗಿಸದೆ, ಗೇಟಿನಿಂದಾಚೆಗೆ ರ‍್ಯಾಂಪ್ ಚಾಚುತ್ತಾನೆ. ಪಕ್ಕದವನ ರ‍್ಯಾಂಪ್ ಇನ್ನೊಂದು ಎತ್ತರದ್ದು. ನಡೆಯುವವರು ಮೂವತ್ತು ಅಡಿಗೊಮ್ಮೆ ಹತ್ತಿ ಇಳಿಯಬೇಕು, ಅದೂ ರಸ್ತೆಯ ಕಡೆಗೆ ವಾಲಿದ ನುಣುಪು ಸಿಮೆಂಟಿನ ಮೇಲೆ. ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ಪಿಗೂ 1920ರಷ್ಟು ಹಿಂದೆಯೇ ಈ ಬಗೆಯ ವ್ಯವಹಾರವನ್ನು ವಿವರಿಸಿದ್ದರು: ಲಾಭ ಒಬ್ಬನದು, ವೆಚ್ಚ ದಾರಿಹೋಕರದು. ಆದರೆ ದೋಷವೆಲ್ಲ ಮನೆಯವರದೂ ಅಲ್ಲ. ಹಳೆಯ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸ ಪದರ ಸುರಿಯುವುದರಿಂದ ರಸ್ತೆ ವರ್ಷ ವರ್ಷಕ್ಕೆ ಮೇಲೇಳುತ್ತದೆ. ಮಳೆನೀರು ಅಂಗಳಕ್ಕೆ ನುಗ್ಗಿದ ಮೇಲೆ ಮಾಲೀಕ ಗೇಟನ್ನೂ ರ‍್ಯಾಂಪನ್ನೂ ಎತ್ತರಿಸದೆ ಇನ್ನೇನು ಮಾಡಿಯಾನು?

ನಿಯಮಗಳಿಗೆ ಕೊರತೆಯಿಲ್ಲ. ವಾಹನಗಳಿಗಿಂತ ಜನರ ಸಂಚಾರ ಮುಖ್ಯವೆಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಹೇಳಿತು. ಫುಟ್‌ಪಾತಿನಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲವಿರಬೇಕು, ಎತ್ತರ 150 ಮಿಲಿಮೀಟರ್ ಮೀರಬಾರದು ಎಂಬುದು ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಮಾರ್ಗಸೂಚಿ. ಅಡೆತಡೆಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಟೆಂಡರ್‌ಶ್ಯೂರ್ ಯೋಜನೆಯಡಿ ವಿಠಲ ಮಲ್ಯ ರಸ್ತೆ, ರೆಸಿಡೆನ್ಸಿ ರಸ್ತೆಗಳಲ್ಲಿ ಅಗಲವಾದ, ಸಮನಾದ ಕಾಲುದಾರಿ ಬಂದು ವರ್ಷಗಳಾದವು. ಅಷ್ಟು ದುಬಾರಿ ಕಾಮಗಾರಿ ಎಲ್ಲೆಡೆ ಸಾಧ್ಯವಿಲ್ಲವೆಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಹನುಮಂತನಗರದ ಅಡ್ಡರಸ್ತೆ ಕೇಳುತ್ತಿರುವುದು ಗ್ರಾನೈಟಿನ ಹಾಸನ್ನಲ್ಲ. ಡಾಂಬರು ಹಾಕುವ ಮೊದಲು ಹಳೆಯ ಪದರ ಕೆರೆಯಬೇಕು. ರ‍್ಯಾಂಪ್ ಎಷ್ಟೇ ಉದ್ದವಿರಲಿ, ಅದು ಗೇಟಿನ ಒಳಗಿರಬೇಕು. ಮೊದಲನೆಯದನ್ನು ಗುತ್ತಿಗೆಯ ಷರತ್ತಿನಲ್ಲಿ ಸೇರಿಸಿ, ಅಳತೆ ಮಾಡಿದ ಮೇಲೆಯೇ ಬಿಲ್ ಪಾಸು ಮಾಡಬಹುದು. ಎರಡನೆಯದನ್ನು ಕಟ್ಟಡದ ನಕ್ಷೆ ಮಂಜೂರಾಗುವಾಗಲೇ ನೋಡಬಹುದು. ಈಗಾಗಲೇ ಇರುವ ರ‍್ಯಾಂಪುಗಳ ಮಾತು ಕಷ್ಟದ್ದು. ಒಂದೊಂದು ಬೀದಿಯನ್ನೇ ಹಿಡಿದು, ಮನೆಯವರನ್ನು ಕೂರಿಸಿ ಮಾತಾಡಿ ಸರಿಪಡಿಸಬೇಕಾಗುತ್ತದೆ.

2025ರಲ್ಲಿ ಬಿಬಿಎಂಪಿಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದಿವೆ. ಕಚೇರಿ ಜನರಿಗೆ ಹತ್ತಿರವಾಗಲೆಂಬುದು ಅದರ ಉದ್ದೇಶ. ಯುವಕರು ಮುಂದಿನ ಓಟಕ್ಕೆ ಮಳೆಗಾಲ ಮುಗಿದ ಮೇಲಿನ ಒಂದು ಭಾನುವಾರವನ್ನು ಗೊತ್ತುಮಾಡಿಕೊಂಡಿದ್ದಾರೆ. ವಾರ್ಡಿನ ಎಂಜಿನಿಯರ್ ಅವರಿಗೂ ಎದೆಗೆ ಅಂಟಿಸುವ ನಂಬರೊಂದನ್ನು ತೆಗೆದಿಡಿ ಎಂದು ಅವರಿಗೆ ಹೇಳಿದ್ದೇನೆ. ಅವರು ಓಡಬೇಕಾಗಿಲ್ಲ. ಹಗ್ಗ ಬಿಚ್ಚಿದ ನಂತರ, ದೀಪ ಹತ್ತುವ ಹೊತ್ತಿನಲ್ಲಿ, ಕೆರೆಯಿಂದ ಗವಿಪುರದ ಮೇಲ್ತುದಿಯವರೆಗೆ ಫುಟ್‌ಪಾತಿನಲ್ಲಿಯೇ ನಡೆದು ಬರಲಿ. ಮಜ್ಜಿಗೆ ಇಟ್ಟುಕೊಂಡು ಕಾಯುತ್ತೇವೆ.