ನೋಂದಣಿರಹಿತ ವಿದ್ಯುತ್ ಸ್ಕೂಟರ್‌ಗಳು: ವೇಗ ಹೆಚ್ಚಿಸಿದ ವಾಹನದ ಮಾಲೀಕರ ಹೊಣೆ

"ಲೈಸೆನ್ಸ್ ಬೇಡ, ರಿಜಿಸ್ಟ್ರೇಷನ್ ಬೇಡ" ಎಂಬ ಫಲಕದಡಿ ವಿದ್ಯುತ್ ಚಾಲಿತ ಸ್ಕೂಟರ್‌ಗಳನ್ನು ಮಾರಾಟ ಮಾಡುವ ಮಳಿಗೆಗಳು ನಗರಗಳಲ್ಲಿ ಸಾಮಾನ್ಯವಾಗಿವೆ. ಈ ಮಾತು ಷರತ್ತಿಗೊಳಪಟ್ಟು ಮಾತ್ರ ನಿಜ.

ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 2(ಯು) ಅನ್ವಯ, ಮೋಟಾರಿನ ಮೂವತ್ತು ನಿಮಿಷಗಳ ಶಕ್ತಿ 0.25 ಕಿಲೋವ್ಯಾಟ್‌ಗಿಂತ ಹಾಗೂ ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆಯಿದ್ದು, ಬ್ಯಾಟರಿ ಹೊರತುಪಡಿಸಿದ ತೂಕ 60 ಕೆ.ಜಿ. ಮೀರದ ದ್ವಿಚಕ್ರ ವಾಹನವನ್ನು ಮೋಟಾರು ವಾಹನವೆಂದು ಪರಿಗಣಿಸುವುದಿಲ್ಲ. ನಿಯಮ 126ರಲ್ಲಿ ಹೇಳಿರುವ ಪರೀಕ್ಷಾ ಸಂಸ್ಥೆಯ ಪ್ರಮಾಣೀಕರಣವೂ ಇರತಕ್ಕದ್ದು. ಅಂದರೆ ವಿನಾಯಿತಿ ದೊರೆಯುವುದು ಪರೀಕ್ಷೆಗೊಳಪಟ್ಟ ಸ್ಥಿತಿಯಲ್ಲಿರುವ ವಾಹನಕ್ಕೆ ಮಾತ್ರ. ಮಾರಾಟದ ನಂತರ, ಕೆಲವೊಮ್ಮೆ ಮಾರಾಟಕ್ಕೆ ಮೊದಲೇ, ವೇಗ ನಿಯಂತ್ರಕದ ಒಂದು ತಂತಿಯನ್ನು ಬೇರ್ಪಡಿಸಿ ಅಥವಾ ಹೆಚ್ಚು ಶಕ್ತಿಯ ಮೋಟಾರು ಅಳವಡಿಸಿ ವೇಗವನ್ನು ಹೆಚ್ಚಿಸಿದಲ್ಲಿ ವಿನಾಯಿತಿ ಅಲ್ಲಿಗೇ ಕೊನೆಗೊಳ್ಳುತ್ತದೆ. ನೆರೆಯ ಕೇರಳದ ಮೋಟಾರು ವಾಹನ ಇಲಾಖೆಯು 2023ರ ಮೇ ತಿಂಗಳಿನಲ್ಲಿ ಮಾರಾಟ ಮಳಿಗೆಗಳಲ್ಲಿಯೇ ತಪಾಸಣೆ ಕೈಗೊಂಡಿದ್ದು ಇಂತಹ ವಾಹನಗಳ ಪತ್ತೆಗಾಗಿ.

ರಸ್ತೆಯಲ್ಲಿ ಇವುಗಳನ್ನು ನಿಯಂತ್ರಿಸುವುದು ಪೊಲೀಸರಿಗೆ ಸುಲಭವಲ್ಲ. ನಗರಗಳ ಸಂಚಾರ ಕ್ಯಾಮೆರಾಗಳು ದಂಡದ ನೋಟಿಸು ಹೊರಡಿಸುವುದು ನೋಂದಣಿ ಫಲಕವನ್ನು ಓದಿ. ಫಲಕವೇ ಇಲ್ಲದ ವಾಹನದ ಮುಂದೆ ಆ ವ್ಯವಸ್ಥೆ ನಿರುಪಯುಕ್ತ. ಸಿಬ್ಬಂದಿ ಪ್ರತಿಯೊಂದು ವಾಹನವನ್ನು ತಡೆದು ನಿಲ್ಲಿಸಿಯೇ ಪರಿಶೀಲಿಸಬೇಕಾಗುತ್ತದೆ. ಹೀಗೆ ಸಿಕ್ಕಿಬೀಳುವವರು ಬಹುಪಾಲು ಸವಾರರೇ ಹೊರತು ವೇಗ ಹೆಚ್ಚಿಸಿಕೊಟ್ಟ ಮಳಿಗೆಯವರಲ್ಲ. ಆದರೆ ಕಾನೂನಿನಲ್ಲಿ ಮಾರಾಟಗಾರರ ಹೊಣೆಯೇ ದೊಡ್ಡದು. ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 182ಎ ಅನ್ವಯ ಅಕ್ರಮ ಮಾರ್ಪಾಡಿಗೆ ಮಾರಾಟಗಾರರಿಗೆ ಒಂದು ವರ್ಷದವರೆಗೆ ಕಾರಾವಾಸ ಅಥವಾ ಪ್ರತಿ ವಾಹನಕ್ಕೆ 1 ಲಕ್ಷ ರೂ. ದಂಡ ಅಥವಾ ಎರಡೂ. ಮಾಲೀಕರಿಗೆ ಆರು ತಿಂಗಳವರೆಗೆ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ ಅಥವಾ ಎರಡೂ. ಆದುದರಿಂದ ಮಳಿಗೆಗಳ ತಪಾಸಣೆಯೇ ಹೆಚ್ಚು ಫಲಕಾರಿ ಎನ್ನಬಹುದು.

ನೋಂದಣಿಯಿಲ್ಲದ ಮೋಟಾರು ವಾಹನವನ್ನು ಕಲಂ 207ರಡಿ ವಶಕ್ಕೆ ಪಡೆಯಲು ಅವಕಾಶವಿದೆ. ನೋಂದಣಿ, ಚಾಲನಾ ಪರವಾನಗಿ ಹಾಗೂ ವಿಮೆ ಇಲ್ಲದಿರುವುದಕ್ಕೆ ಪ್ರತ್ಯೇಕ ದಂಡಗಳಿವೆ.

ದಂಡಕ್ಕಿಂತಲೂ ದೊಡ್ಡ ಹೊರೆ ಅಪಘಾತದ ಪರಿಹಾರ. ಮಾರ್ಪಡಿಸಿದ ವಾಹನವು ಪಾದಚಾರಿಯೊಬ್ಬರಿಗೆ ಡಿಕ್ಕಿ ಹೊಡೆದಲ್ಲಿ, ವಿಮೆ ಇಲ್ಲದ ಕಾರಣ ನ್ಯಾಯಮಂಡಳಿ ನಿಗದಿಪಡಿಸುವ ಪೂರ್ಣ ಮೊತ್ತವನ್ನು ಮಾಲೀಕರೇ ಭರಿಸಬೇಕಾಗುತ್ತದೆ. ಸವಾರ ಪರಾರಿಯಾಗಿ ವಾಹನ ಪತ್ತೆಯಾಗದಿದ್ದಲ್ಲಿ, 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಯೋಜನೆಯಂತೆ ಸಾವಿಗೆ 2 ಲಕ್ಷ ರೂ., ತೀವ್ರ ಗಾಯಕ್ಕೆ 50,000 ರೂ. ಮಾತ್ರ ಸಂತ್ರಸ್ತರಿಗೆ ದೊರೆಯುತ್ತದೆ. ದುಡಿಯುವ ವ್ಯಕ್ತಿಯನ್ನು ಕಳೆದುಕೊಂಡ ಕುಟುಂಬಕ್ಕೆ ಇದು ಎಷ್ಟರಮಟ್ಟಿಗೆ ಸಾಲುತ್ತದೆ ಎಂಬುದು ಬೇರೆ ಹೇಳಬೇಕಾಗಿಲ್ಲ.

ವಾಹನವನ್ನು ಪ್ರಾದೇಶಿಕ ಸಾರಿಗೆ ಕಚೇರಿಗೆ ತಂದು ಶುಲ್ಕ ಪಾವತಿಸಿದರೆ ಸಕ್ರಮವಾಗುವುದೆಂಬ ತಪ್ಪು ತಿಳಿವಳಿಕೆ ಕೆಲವರಲ್ಲಿದೆ. ಮೋಟಾರು ವಾಹನವೆಂದು ಅನುಮೋದನೆ ಪಡೆಯದ ಮಾದರಿಯನ್ನು ನೋಂದಾಯಿಸಲು ಬರುವುದಿಲ್ಲ. ಹೆಚ್ಚು ವೇಗ ಬೇಕಿರುವವರು ನೋಂದಣಿಗೆ ಅರ್ಹವಾದ ಮಾದರಿಯನ್ನೇ ಖರೀದಿಸತಕ್ಕದ್ದು. ವಿದ್ಯುತ್ ವಾಹನಗಳ ನೋಂದಣಿ ಪತ್ರದ ಶುಲ್ಕಕ್ಕೆ ಕೇಂದ್ರ ಸರ್ಕಾರವು 2021ರ ಆಗಸ್ಟ್‌ನಲ್ಲಿ ವಿನಾಯಿತಿ ನೀಡಿದೆ.

ವಿನಾಯಿತಿ ಪಡೆದ ವಾಹನ ಖರೀದಿಸುವವರು ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರದ ಪ್ರತಿಯನ್ನು ಕೇಳಿ ಪಡೆಯುವುದು, ಮಾದರಿಯ ಹೆಸರು ಹಾಗೂ ಮೋಟಾರಿನ ಶಕ್ತಿಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳುವುದು ಅವಶ್ಯ. ವೇಗ ಹೆಚ್ಚಿಸಿಕೊಡುವುದಾಗಿ ಮಾರಾಟಗಾರರು ಹೇಳಿದಲ್ಲಿ ಸಮೀಪದ ಪ್ರಾದೇಶಿಕ ಸಾರಿಗೆ ಕಚೇರಿಗೆ ಅಥವಾ ಸಂಚಾರ ಪೊಲೀಸ್ ಠಾಣೆಗೆ ಲಿಖಿತ ದೂರು ಸಲ್ಲಿಸಬಹುದು.