ಕೀಲಿಕೈ ಸಿಕ್ಕ ಮಾತ್ರಕ್ಕೆ ಕಾರು ನಿಮ್ಮದಾಗಲಿಲ್ಲ!

ಕನ್ನಡದ ಹುಡುಗರೇ,

ಕುದೇರು, ಸಂತೆಮರಹಳ್ಳಿ, ಗುಂಡ್ಲುಪೇಟೆ ಬಿಟ್ಟು ಮೈಸೂರು, ಬೆಂಗಳೂರು ಸೇರಿದ ನಿಮ್ಮಲ್ಲಿ ಎಷ್ಟೋ ಜನ ಈಗ ನಾಲ್ಕು ಕಾಸು ಕೂಡಿಟ್ಟಿದ್ದೀರಿ. ಒಂದು ಹಳೇ ಕಾರು ತೆಗೆದುಕೊಂಡು ಅವ್ವನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿಬರಬೇಕೆಂಬ ಆಸೆ. ತಪ್ಪೇನಿಲ್ಲ. ಹೊಸ ಕಾರಿಗೆ ವರ್ಷಗಟ್ಟಲೆ ಕಂತು ಕಟ್ಟಿ ಸೊರಗುವುದಕ್ಕಿಂತ ಇದು ಜಾಣತನವೇ. ಆದರೆ ಕಾರು ಕೊಳ್ಳುವಾಗ ನೀವು ನೋಡುವುದೇನು? ಬಣ್ಣ, ಎ.ಸಿ., ಹಾಡಿನ ಪೆಟ್ಟಿಗೆ! ಬ್ರೋಕರ್ ಒಂದು ಡೆಲಿವರಿ ನೋಟ್ ಬರೆದು, ಮಾಲೀಕ ಸಹಿ ಹಾಕಿದ ಖಾಲಿ ಫಾರಂ 29, 30 ಕೈಗಿಡುತ್ತಾನೆ. "ಹೆಸರು ನಿಧಾನಕ್ಕೆ ಮಾಡಿಸಿಕೊಳ್ಳಿ" ಅನ್ನುತ್ತಾನೆ. ನೀವು ತಲೆಯಾಡಿಸಿ ಕೀಲಿಕೈ ಇಸಿದುಕೊಂಡು ಹೊರಡುತ್ತೀರಿ.

ನಾನು ಪ್ರೆಸ್ಸಿನವನು. ಅಂಥ ಡೆಲಿವರಿ ನೋಟ್ ಪುಸ್ತಕಗಳನ್ನು ಅಚ್ಚು ಹಾಕಿಕೊಟ್ಟವನು. ಕಾರು ಯಾವ ದಿನ ಎಷ್ಟು ಹೊತ್ತಿಗೆ ಕೈ ಬದಲಾಯಿತು ಎಂದು ಆ ಹಾಳೆ ಹೇಳುತ್ತದೆ. ಮಾಲೀಕ ಯಾರು ಎಂದು ಹೇಳುವುದಿಲ್ಲ. ಅದನ್ನು ಹೇಳುವುದು ಆರ್‌ಸಿ ಒಂದೇ.

ಸುಪ್ರೀಂ ಕೋರ್ಟಿಗೆ ಹೋದ ಒಂದು ಮೊಕದ್ದಮೆ ಕೇಳಿ. ಒಬ್ಬಾತ 2007ರಲ್ಲಿ ತನ್ನ ಮಾರುತಿ 800 ಮಾರಿದ. ಫಾರಂ 29, 30 ಕೂಡಾ ಕೊಟ್ಟಿದ್ದೆ ಅಂದ. ಕಾರು ಕೈಯಿಂದ ಕೈಗೆ ದಾಟಿತು. ಯಾರೂ ಹೆಸರು ಬದಲಾಯಿಸಲಿಲ್ಲ. 2009ರಲ್ಲಿ ಆ ಕಾರು ದಾರಿಯಲ್ಲಿ ನಡೆದು ಹೋಗುತ್ತಿದ್ದವರಿಗೆ ಗುದ್ದಿತು, ಒಂದು ಜೀವ ಹೋಯಿತು. ಕಾರಿಗೆ ವಿಮೆಯೂ ಇರಲಿಲ್ಲ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಸ್ಪಷ್ಟ: ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಪರಿಹಾರದ ಹೊಣೆಯೂ ಅವನದೇ.

"ಇದು ಮಾರಿದವನ ಗೋಳು, ನಮಗೇನು?" ಅನ್ನಬೇಡಿ. ನಾಳೆ ಅದೇ ಕಾರನ್ನು ಮಾರುವವರು ನೀವೇ. ಕೊಂಡವರಿಗೂ ಸುಖವಿಲ್ಲ. ಮಾಲೀಕ ತೀರಿಕೊಂಡರೆ, ಊರು ಬಿಟ್ಟರೆ ಹೆಸರು ಮಾಡಿಸಲು ಅಲೆಯಬೇಕು. ವಿಮೆ ನಿಮ್ಮ ಹೆಸರಿಗೆ ಬಾರದೆ ಕಾರು ಜಖಂ ಆದರೆ ಕಂಪನಿ ಕೈಯೆತ್ತುತ್ತದೆ.

ಕಾನೂನು ಕಷ್ಟದ್ದಲ್ಲ. ರಾಜ್ಯದೊಳಗಿನ ಗಾಡಿಯಾದರೆ ಮಾರಿದವನು 14 ದಿನದಲ್ಲಿ, ಕೊಂಡವನು 30 ದಿನದಲ್ಲಿ ಆರ್‌ಟಿಓಗೆ ತಿಳಿಸಬೇಕು. ವಿಮಾ ಕಂಪನಿಗೆ 14 ದಿನದಲ್ಲಿ. ಕೊಳ್ಳುವ ಮುಂಚೆಯೇ ಪರಿವಾಹನ್‌ನಲ್ಲಿ ಗಾಡಿ ನಂಬರ್ ಹಾಕಿ ನೋಡಿ: ಸಾಲ ಬಾಕಿಯೇ? ದಂಡ ಬಾಕಿಯೇ? ವಿಮೆ ಜೀವಂತವೇ? ಸಾಲ ಇದ್ದದ್ದಾದರೆ ಬ್ಯಾಂಕಿನ ಫಾರಂ 35 ಕೇಳಿ. ನಮ್ಮದು ಗಡಿ ಜಿಲ್ಲೆ. ಸುಲ್ತಾನ್ ಬತ್ತೇರಿಯಿಂದ, ಸತ್ಯಮಂಗಲದಿಂದ "ಅಗ್ಗದ" ಕಾರು ಬರುತ್ತದೆ. ಅಲ್ಲಿಯ ಎನ್‌ಓಸಿ, ಇಲ್ಲಿಯ ಜೀವಾವಧಿ ತೆರಿಗೆ ಸೇರಿಸಿ ಲೆಕ್ಕ ಹಾಕಿ. ಆಮೇಲೂ ಅಗ್ಗವಾದರೆ ಕೊಳ್ಳಿ.

ವಯಸ್ಸನ್ನೂ ನೋಡಿ. 15 ವರ್ಷಕ್ಕೆ ಆರ್‌ಸಿ ಮುಗಿಯುತ್ತದೆ. ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಆ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು.

ಇನ್ನು ಗಾಡಿ. ನಿಮ್ಮದೇ ಮೆಕ್ಯಾನಿಕ್‌ನನ್ನು ಕರೆದೊಯ್ಯಿರಿ, ಬ್ರೋಕರ್ ತೋರಿಸಿದವನನ್ನಲ್ಲ. ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ಆಯಿಲ್ ಮುಚ್ಚಳದಡಿ ಹಾಲು ಬೆರೆಸಿದಂಥ ಕೆಸರಿದ್ದರೆ ಒಳಗೆ ನೀರು ಸೇರಿರಬಹುದು. ಮ್ಯಾಟ್ ಎತ್ತಿ ತುಕ್ಕು ನೋಡಿ. ಮೀಟರ್ 40,000 ಕಿ.ಮೀ. ಎಂದು ತೋರಿಸುತ್ತಾ ಪೆಡಲ್ ರಬ್ಬರ್ ಸವೆದು ಹೋಗಿದ್ದರೆ ಮೀಟರನ್ನಲ್ಲ, ಪೆಡಲನ್ನು ನಂಬಿ! ಟೈರಿನ ಮೇಲಿನ ನಾಲ್ಕಂಕಿ ಓದಿ: 2319 ಎಂದರೆ 2019ರ 23ನೇ ವಾರ ತಯಾರಾದದ್ದು.

ಕೈಯಲ್ಲಿರುವ ದುಡ್ಡನ್ನೆಲ್ಲ ಕಾರಿಗೇ ಸುರಿಯಬೇಡಿ. ಐದರಲ್ಲಿ ಒಂದು ಪಾಲು ರಿಪೇರಿಗೆ ಎತ್ತಿಡಿ. ಮೊದಲ ತಿಂಗಳಲ್ಲೇ ಎಂಜಿನ್ ಆಯಿಲ್, ಫಿಲ್ಟರ್, ಕೂಲೆಂಟ್, ಬ್ರೇಕ್ ಆಯಿಲ್ ಬದಲಾಯಿಸಿ. ಮಾರುತಿ 800ರಂಥ ಗಾಡಿಯಲ್ಲಿ ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದೆಂದು ಗೊತ್ತಿಲ್ಲದಿದ್ದರೆ ಹೊಸದು ಹಾಕಿಸಿ. ಅದು ತುಂಡಾದರೆ ಗಾಡಿ ನಡುದಾರಿಯಲ್ಲೇ ನಿಂತಿತು. ರಾತ್ರಿ 9ಕ್ಕೆ ಗೇಟು ಹಾಕುವ ಬಂಡೀಪುರದ ಕಾಡು ಕೆಟ್ಟು ನಿಲ್ಲುವ ಜಾಗವೇ?

ಕೊನೆಯ ಮಾತು. ಅರ್ಥವಾಗದ ಇಂಗ್ಲಿಷ್ ಕರಾರಿಗೆ ನಾಚಿಕೆಯಿಂದ ಸಹಿ ಹಾಕಬೇಡಿ. "ಇದರಲ್ಲಿ ಏನಿದೆ, ಕನ್ನಡದಲ್ಲಿ ಹೇಳಿ" ಅನ್ನಿ. ಹೇಳಲಾರದವನ ಹತ್ತಿರ ವ್ಯಾಪಾರವೇ ಬೇಡ. ಮತ್ತೆ, ಹೆಸರು ಬದಲಾವಣೆಯ ಅರ್ಜಿ ಆರ್‌ಟಿಓದಲ್ಲಿ ಸೇರಿ ರಸೀದಿ ಕೈಗೆ ಬರುವವರೆಗೆ ಬಾಕಿ ಹಣ ನಿಮ್ಮ ಜೇಬಿನಲ್ಲೇ ಇರಲಿ!